ಬೆಚ್ಚಗಿನ ಕೈ

ಜೋಗುಪಾಳ್ಯದ ನಮ್ಮ ಗಲ್ಲಿಯಲ್ಲಿ ಹಾಲು ಕೊಡುತ್ತಿದ್ದ ಅಜ್ಜಿಗೆ ಇದ್ದದ್ದು ಒಂದು ಹಸು ಮಾತ್ರ. ಕೆಚ್ಚಲು ಮುಟ್ಟುವ ಮೊದಲು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. "ತಣ್ಣನೆ ಕೈಲಿ ಯಾರನ್ನೂ ಮುಟ್ಬಾರ್ದಮ್ಮ" ಎನ್ನುವುದು ಅವರ ಮಾತು.

ಕಳೆದ ವರ್ಷ ಹಸುವಿನ ಕೆಚ್ಚಲಿನ ಮೇಲೆ ಗುಳ್ಳೆಗಳೆದ್ದವು. ದಿನಾ ಮುಲಾಮು ಹಚ್ಚುತ್ತಿದ್ದ ಅವರ ಬೆರಳಿಗೂ ಹತ್ತಿದವು. "ವಾಸಿಯಾಗೋವರ್ಗೂ ಹಾಲು ಕೊಡಲ್ಲ" ಎಂದು ಅವರೇ ಮನೆಮನೆಗೆ ಹೇಳಿ ಬಂದರು. ಇಬ್ಬರಿಗೂ ವಾಸಿಯಾಗುವಷ್ಟರಲ್ಲಿ ಎಲ್ಲರ ಗೇಟಿನಲ್ಲೂ ಪ್ಯಾಕೆಟ್ ಹಾಲಿನ ಚೀಲ ನೇತಾಡುತ್ತಿತ್ತು, ನಮ್ಮ ಗೇಟಿನಲ್ಲೂ.

ಒಂದು ಬೆಳಿಗ್ಗೆ ಬಂದು ನನ್ನ ಮುಂದೆ ಕೈ ಚಾಚಿದರು. ಕಲೆಗಳಷ್ಟೇ ಉಳಿದಿದ್ದವು.

"ಮುಟ್ಟಿ ನೋಡಿ, ಏನೂ ಇಲ್ಲ."

ನನ್ನ ಕೈ ಸೆರಗಿನಿಂದ ಆಚೆ ಬರಲಿಲ್ಲ. ಅಜ್ಜಿ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು.

"ಚಳಿ ಅಲ್ವಾ, ನಿಮ್ ಕೈ ತಣ್ಣಗಿರುತ್ತೆ, ಬಿಡಿ" ಎಂದು, ತಮ್ಮ ಅಂಗೈಗಳನ್ನು ಉಜ್ಜಿಕೊಳ್ಳುತ್ತಾ ಹೊರಟುಹೋದರು.