ಅಜ್ಜಿ ಸುಣ್ಣ ಒರೆಸಿದ ಕಲ್ಲು

ಇವತ್ತು ಸರ್ವೆಯವರು ಬಾಯಾರಿನ ನಮ್ಮ ಹಿತ್ತಿಲಿನ ಗಡಿಕಲ್ಲನ್ನು ಕಿತ್ತರು. ಅದರ ನೆತ್ತಿಯಲ್ಲಿ ಸುಣ್ಣದ ಬಿಳಿ ಇನ್ನೂ ಇತ್ತು.

ವೀಳ್ಯದೆಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣವನ್ನು ಅಜ್ಜಿ ಆ ಕಲ್ಲಿಗೇ ಒರೆಸುತ್ತಿದ್ದಳು. ಬಿಳಿ ಕಂಡು ದೇವರೆಂದುಕೊಂಡ ನಾನು ದಿನಾ ದಾಸವಾಳ ಇಡುತ್ತಿದ್ದೆ.

"ದೇವರಲ್ಲ ಮಗಾ. ಆಚೆ ಕರ್ನಾಟಕ, ಈಚೆ ಕೇರಳ, ಅಷ್ಟೇ," ಎಂದು ನಗುತ್ತಿದ್ದಳು.

ಆಚೆ ಚಿಕ್ಕಪ್ಪನ ಮನೆ, ಈಚೆ ನಮ್ಮದು. ಕಲ್ಲಿನ ಪಕ್ಕದ ಒಂದು ಗೇಣು ಜಾಗಕ್ಕೆ ಅಣ್ಣತಮ್ಮಂದಿರಿಗೆ ಜಗಳವಾಯಿತು.

"ನೀನು ನಿನ್ನ ಕರ್ನಾಟಕದಲ್ಲೇ ಇರು, ಈ ಕಲ್ಲು ದಾಟ್ಬೇಡ," ಎಂದರು ಅಪ್ಪ.

ಅಜ್ಜಿ ತೀರಿಕೊಂಡ ದಿನ, ಅವಳ ಬಾಯಿಗೆ ನೀರು ಬಿಡಲು ಚಿಕ್ಕಪ್ಪ ತಂಬಿಗೆ ಹಿಡಿದು ಕಲ್ಲಿನವರೆಗೆ ಬಂದರು. ಅಪ್ಪ ಕರೆಯಲಿಲ್ಲ. ಹೆಣ ಎತ್ತುವವರೆಗೂ ಅಲ್ಲೇ ನಿಂತಿದ್ದವರು ಆ ನೀರನ್ನು ಕಲ್ಲಿನ ಮೇಲೆ ಸುರಿದು ಹೋದರು.

"ಗಡಿ ಇಲ್ಲಿ ಅಲ್ಲ ಮಾರಾಯ್ರೆ, ಆ ಮನೆಯಿಂದ ಎಷ್ಟೋ ಆಚೆ ಉಂಟು. ಇದು ಯಾರೋ ತಪ್ಪಿ ಹಾಕಿದ ಕಲ್ಲು," ಎಂದು ಚಿಕ್ಕಪ್ಪನ ಮನೆಯತ್ತ ಕೈ ತೋರಿಸಿ ಇವತ್ತು ಸರ್ವೆಯವರು ಹೊರಟರು.

ಅಪ್ಪ ಈಗ ಇಲ್ಲ. ಆಚೆ ಜಗಲಿಯಿಂದ ಮುದಿ ಚಿಕ್ಕಪ್ಪ ಕೂಗಿ ಕೇಳುತ್ತಿದ್ದಾರೆ:

"ಎಂತ ಹೇಳಿದ್ರು ಮಗಾ?"