ಪೆಟ್ಟಿಗೆಯ ಎಡಮಗ್ಗುಲು

ಕಳೆದ ಭಾನುವಾರ ಬಸವೇಶ್ವರನಗರದ ಹೊಸ ಕಾಫಿ ಅಂಗಡಿಯೊಂದರಲ್ಲಿ, ಬಾಗಿಲ ಪಕ್ಕ ಅಂದಕ್ಕೆಂದು ಇಟ್ಟಿದ್ದ ಗ್ರಾಮಫೋನಿನ ಹತ್ತಿರ ಬಗ್ಗಿ ಅದನ್ನು ಮೂಸಿ ನೋಡಿದೆ. “ಮೇಡಂ, ಮುಟ್ಬೇಡಿ, ಆಂಟಿಕ್ ಪೀಸು,” ಎಂದ ಕಾಫಿ ತಂದ ಹುಡುಗ. ಕಹಳೆ ಹೊಸ ಬಿಂದಿಗೆಯಂತೆ ಹೊಳೆಯುತ್ತಿತ್ತು. ಪೆಟ್ಟಿಗೆಯಿಂದ ಬಂದದ್ದು ಬರೀ ವಾರ್ನಿಷ್ ವಾಸನೆ. ಹಳೆಯ ಗ್ರೀಸು, ಧೂಳು ಕುಡಿದ ಉಣ್ಣೆಬಟ್ಟೆ, ಕಬ್ಬಿಣದ ತಣ್ಣನೆಯ ತುಕ್ಕು ಎಲ್ಲ ಬೆರೆತ ಆ ಇನ್ನೊಂದು ವಾಸನೆ ಅಲ್ಲಿರಲಿಲ್ಲ. ಅದು ಇದ್ದದ್ದು ರಾಜಾಜಿನಗರದ ನಮ್ಮ ತಾತನ ಮನೆಯ ನಡುಮನೆಯಲ್ಲಿ. ಆ ಮನೆ ನಿಂತಿದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ.

ತಾತ ಬಿನ್ನಿಪೇಟೆಯಲ್ಲಿ ಮಿಲ್ಲಿನ ಮಗ್ಗಗಳನ್ನು ರಿಪೇರಿ ಮಾಡಿಕೊಂಡಿದ್ದವರು. ಕೆಲಸ ಬಿಟ್ಟ ಮೇಲೆ ಅವರ ಕೈಗೆ ಸಿಕ್ಕಿದ್ದು ಹಳೆಯ ಗ್ರಾಮಫೋನುಗಳು. ಭಾನುವಾರ ಬೆಳಿಗ್ಗೆ ಜನ ಆಟೊದಲ್ಲಿ ಪೆಟ್ಟಿಗೆ ಹೊತ್ತು ತಂದು, ಅಸಲಿಯೋ ನಕಲಿಯೋ ಹೇಳಿ ಎಂದು ಜಗಲಿಯಲ್ಲಿ ಕೂರುತ್ತಿದ್ದರು. ತಾತ ಮೊದಲು ಮೂಸುತ್ತಿದ್ದರು, ಆಮೇಲೆ ಸ್ಕ್ರೂಗಳನ್ನು ನೋಡುತ್ತಿದ್ದರು. “ನಮ್ ಮುತ್ತಾತನ್ ಕಾಲದ್ದು ಸಾರ್,” ಎಂದು ಒಬ್ಬರು ಪಟ್ಟು ಹಿಡಿದಾಗ, “ನಿಮ್ ಮುತ್ತಾತ ಭಾರೀ ಮುಂದಾಲೋಚನೆಯವ್ರು ಕಣಪ್ಪಾ, ಸ್ಟಾರ್ ಸ್ಕ್ರೂ ಬರೋಕ್ ಮುಂಚೇನೇ ಹಾಕ್ಸಿದಾರೆ,” ಎಂದಿದ್ದರು. ಆ ಮನುಷ್ಯನೂ ನಕ್ಕುಬಿಟ್ಟಿದ್ದ. ಕೆಲವು ಯಂತ್ರಗಳಲ್ಲಿ ಕಹಳೆ ಒಂದರದು, ಮೋಟಾರು ಇನ್ನೊಂದರದು ಇರುತ್ತಿತ್ತು. ಅಂಥವನ್ನು ರೆಕಾರ್ಡ್ ಇಟ್ಟು ಹಾಡಿಸದೆ ಖಾಲಿ ಓಡಿಸಿ, ಪೆಟ್ಟಿಗೆಗೆ ಕಿವಿಯಿಟ್ಟು, ಒಳಗಿನ ಕುಂಟು ಸದ್ದಿನಿಂದಲೇ ಹಿಡಿಯುತ್ತಿದ್ದರು. ಎಲ್ಲಕ್ಕಿಂತ ಅವರು ನಂಬುತ್ತಿದ್ದದ್ದು ಸವೆತವನ್ನು. ಮುಚ್ಚಳದ ಅಂಚು, ಕೀಲಿಯ ಸುತ್ತಲಿನ ಮರ, ಹೀಗೆ ಕೈ ಬೀಳುವಲ್ಲೇ ಪಾಲಿಶ್ ಹೋಗಿರಬೇಕು. ಕೈ ಬೀಳದ ಕಡೆ ಸವೆದಿದ್ದರೆ ಯಾರೋ ಮರಳುಕಾಗದ ಉಜ್ಜಿ ಹಳತು ಮಾಡಿದ್ದಾರೆ ಎಂದೇ ಅರ್ಥ. ಮೊಮ್ಮಕ್ಕಳಾದ ನಮಗೆಲ್ಲ ಮಗ್ಗಿಗಿಂತ ಮೊದಲು ಇದು ಬಾಯಿಪಾಠವಾಗಿತ್ತು.

ನಮ್ಮ ಮನೆಯ ಯಂತ್ರ ಮಾತ್ರ ಬೇರೆ. ಗಿಡ್ಡ ಮಣೆಯ ಮೇಲೆ ಗೋಡೆಯ ಪಕ್ಕ ಅದು ಇರುತ್ತಿತ್ತು. ಸಂಜೆ ತಾತ ಕೀಲಿ ಕೊಟ್ಟು ಅದನ್ನು ಖಾಲಿ ಓಡಿಸುತ್ತಿದ್ದರು. ಪ್ರತಿ ಸುತ್ತಿಗೂ ಒಳಗೆಲ್ಲೋ ಟಕ್ ಎನ್ನುತ್ತಿತ್ತು. “ಬಂದ್ಲು ನೋಡ್ರೋ ನಿಮ್ಮಜ್ಜಿ,” ಎನ್ನುತ್ತಿದ್ದರು ತಾತ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ಅಜ್ಜಿ. ನಾವು ಕಿರುಚುತ್ತಾ ಅಡುಗೆಮನೆಗೆ ಓಡುತ್ತಿದ್ದೆವು. ತಾತನ ಜೊತೆಗೇ ಇದ್ದ ನಮ್ಮ ಅತ್ತೆ, “ಮಕ್ಕಳನ್ನ ಯಾಕಪ್ಪಾ ಹೆದರಿಸ್ತೀಯಾ,” ಎಂದು ಸಾರಿಗೆ ಒಗ್ಗರಣೆ ಹಾಕುತ್ತಲೇ ಬೈಯುತ್ತಿದ್ದರು. ದಿನಚರಿ ಬರೆಯುವ ಚಟ ನನಗೆ ಆಗಲೇ ಹತ್ತಿತ್ತು. ಅಜ್ಜಿ ಬಂದ ಸಂಜೆಗಳಿಗೆಲ್ಲ ಅಂಚಿನಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದೆ. ನಿಮ್ಮ ಮನೆಯಲ್ಲೂ ಇಂಥ ಒಂದು ಸದ್ದು ಇದ್ದಿರಬಹುದು. ಅದರ ಹೆದರಿಕೆಯೇ ಮನೆ ತುಂಬಿದೆ ಎಂಬ ಧೈರ್ಯವೂ ಆಗಿದ್ದಿರಬಹುದು.

ತಾತ ಹೋದರು. ಮನೆ ಕೆಡವುವುದೆಂದು ನಿಶ್ಚಯವಾಯಿತು. ಅತ್ತೆ ಅನ್ನಪೂರ್ಣೇಶ್ವರಿ ನಗರದ ಒಂದೇ ಕೋಣೆಯ ಮನೆಗೆ ಹೊರಟಿದ್ದರು. ಯಂತ್ರಕ್ಕೆ ಅಲ್ಲಿ ಜಾಗವಿರಲಿಲ್ಲ. ಹಳೆಯ ಯಂತ್ರಗಳನ್ನು ಕೂಡಿಡುವ ವಿಜಯನಗರದ ಹಿರಿಯರೊಬ್ಬರು ನೋಡಲು ಬಂದರು. ಅವರೂ ಮೂಸಿದರು, ಸ್ಕ್ರೂ ನೋಡಿದರು, ಮೆಚ್ಚಿ ತಲೆಯಾಡಿಸಿದರು. ಆಮೇಲೆ ಪೆಟ್ಟಿಗೆಯ ಎಡಮಗ್ಗುಲಲ್ಲಿ, ತೀರಾ ಕೆಳಗೆ, ಅವರ ಬೆರಳು ನಿಂತಿತು. ಅಲ್ಲಿ ಪಾಲಿಶ್ ಪೂರ್ತಿ ಹೋಗಿ ಮರ ಬೆಳ್ಳಗಾಗಿತ್ತು. “ಇಲ್ಲಿ ಯಾರ ಕೈ ಬೀಳುತ್ತೆ ಹೇಳಿ? ಬೇಕಂತ ಉಜ್ಜಿದಾರೆ ಕಣಮ್ಮಾ,” ಎಂದರು. ಖಾಲಿ ಓಡಿಸಿದರು. ಟಕ್, ಟಕ್. “ಮೋಟಾರೂ ಇದರದ್ದಲ್ಲ ಅನ್ಸುತ್ತೆ.” ಅದು ತಾತನದೇ ಲೆಕ್ಕಾಚಾರ. ಹಾಗಾದರೆ ಊರಿನವರ ಸುಳ್ಳನ್ನೆಲ್ಲ ಹಿಡಿದವರು ತಮ್ಮ ನಡುಮನೆಯಲ್ಲೇ ಒಂದು ಸುಳ್ಳು ಇಟ್ಟುಕೊಂಡಿದ್ದರೇ?

ಅತ್ತೆ ಕೆಂಪು ನೆಲದ ಮೇಲೆ ಗೋಡೆಗೊರಗಿ ಕುಳಿತರು. ಕೈ ಚಾಚಿ ಅಂಗೈಯನ್ನು ಆ ಬೆಳ್ಳನೆಯ ಜಾಗದ ಮೇಲಿಟ್ಟರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಅಮ್ಮಂಗೆ ಕಿವಿ ಕೇಳ್ತಿರ್ಲಿಲ್ಲ ಸಾರ್. ಅದೇ ಮಿಲ್ಲಲ್ಲಿ ನೂಲು ಸುತ್ತೋಳು, ಮಗ್ಗದ ಸದ್ದಿಗೇ ಹೋಗ್ಬಿಟ್ಟಿತ್ತು. ಅಪ್ಪ ಹಾಡು ಹಾಕಿದ್ರೆ ದಿನಾ ಹೀಗ್ ಕೂತು ಕೈಯಲ್ಲೇ ಕೇಳೋಳು.”

ಹಿರಿಯರು ತಿರುಗುವ ತಟ್ಟೆಯನ್ನು ಮೇಲೆತ್ತಿದರು. ಕೆಳಗೆ, ಅಜ್ಜಿಯ ಅಂಗೈ ಇರುತ್ತಿದ್ದ ಮಗ್ಗುಲಿಗೇ ತಾಗಿಸಿ, ಮಗ್ಗದ ಲಾಳಿಯಿಂದ ಕತ್ತರಿಸಿದ ಒಂದು ಮರದ ತುಂಡು. ತಟ್ಟೆಯ ಅಡಿಯಲ್ಲಿ ಒಂದು ಮೊಳೆಯ ತಲೆ. ಸುತ್ತಿಗೊಮ್ಮೆ ಮೊಳೆ ಆ ತುಂಡನ್ನು ತಟ್ಟಲೆಂದು. ಬೇರೆಯವರ ಯಂತ್ರದ ಚೂರು ಕುಂಟನ್ನೂ ಕಿವಿಯಿಂದಲೇ ಹಿಡಿಯುತ್ತಿದ್ದ ತಾತ, ಹಾಡು ನಡೆಯುತ್ತಿದೆ ಎಂದು ಹೆಂಡತಿಯ ಕೈಗೆ ತಿಳಿಯಲೆಂದು, ತಮ್ಮ ಯಂತ್ರವನ್ನು ತಾವೇ ಕೆಡಿಸಿದ್ದರು.

ಹಿರಿಯರು ಆ ತುಂಡನ್ನು ಬೆರಳಿನಿಂದ ತಟ್ಟಿ ನೋಡಿದರು. “ಇದೊಂದು ಬಿಟ್ರೆ ಎಲ್ಲಾ ಒರಿಜಿನಲ್ಲೇ ಅಮ್ಮಾ. ಇದು ನಿಮ್ ಹತ್ರಾನೇ ಇರ್ಲಿ,” ಎಂದು ಆ ತುಂಡನ್ನು ಬಿಚ್ಚಿ ನನ್ನ ಕೈಗಿಟ್ಟರು. ಈಗಲೂ ಅದು ನನ್ನ ಮೇಜಿನ ಮೇಲಿದೆ. ಆಮೇಲೆ ತಟ್ಟೆ ಕೂರಿಸಿ, ಕೀಲಿ ಕೊಟ್ಟು ಬಿಟ್ಟರು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಅಂಗೈ ಇನ್ನೂ ಅಲ್ಲೇ ಇತ್ತು.

“ಓಡ್ತಾ ಇದ್ಯೇನೇ?” ಎಂದರು.

ತಟ್ಟೆ ನುಣ್ಣಗೆ ತಿರುಗುತ್ತಿತ್ತು. ಟಕ್ ಎನ್ನಬೇಕಾಗಿದ್ದ ತುಂಡು ನನ್ನ ಕೈಯಲ್ಲಿತ್ತು.