ಗುಡ್ಡ ಆಡಿದ ಒಂದು ಮಾತು

ಹಾಗಲಕಾಯಿ ಗೊಜ್ಜು ಮಾಡುವ ವಿಧಾನಕ್ಕೂ ತಿಂಗಳ ರಾಶಿಫಲಕ್ಕೂ ನಡುವೆ ಉಳಿಯುತ್ತಿದ್ದ ಎರಡು ಪುಟ; ನಮ್ಮ ಮನೆಗೆ ಬರುತ್ತಿದ್ದ ಮಾಸಪತ್ರಿಕೆಯಲ್ಲಿ ನಡೆಯಲಾರದ್ದು ನಡೆಯುವ ಅದ್ಭುತ ಕಥೆಗಳಿಗೆ ಸಿಗುತ್ತಿದ್ದ ಜಾಗ ಅಷ್ಟೇ. ಗೊಜ್ಜಿಗೆ ಬೆಲ್ಲ ಹೆಚ್ಚಾಯಿತೆಂದು ಓದುಗರು ಪತ್ರ ಬರೆಯುತ್ತಿದ್ದರು. ಕಥೆಯಲ್ಲಿ ಚಂದ್ರ ಎರಡಾದರೆ ಯಾರೂ ಕೇಳುತ್ತಿರಲಿಲ್ಲ. ಯಾರೂ ಕೇಳದ ಆ ಎರಡು ಪುಟಕ್ಕಾಗಿ ಹೊಳಲ್ಕೆರೆ, ಹಿರಿಯೂರಿನಂಥ ಊರುಗಳಲ್ಲಿ ಕೂತವರು ಎಷ್ಟು ಶ್ರದ್ಧೆಯಿಂದ ಬರೆಯುತ್ತಿದ್ದರು ಎಂಬುದನ್ನು, ಮಿತ್ರರೇ, ನಾನು ಹತ್ತಿರದಿಂದ ನೋಡಿದ್ದೇನೆ.

ರತ್ನಮ್ಮ ಹೊಳಲ್ಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪರವೂರಿನ ಕರೆಗಳನ್ನು ಅವರೇ ಕೈಯಾರೆ ಜೋಡಿಸಬೇಕಿತ್ತು. ಅವರ ಕಥೆಯೊಂದರಲ್ಲಿ, ತಂತಿಯೇ ಹೋಗದ ಒಂದು ಗುಡ್ಡದಿಂದ ಎಕ್ಸ್‌ಚೇಂಜಿಗೆ ಕರೆ ಬರುತ್ತದೆ. ಯಾರು ಎಂದು ಕೇಳಿದರೆ ಗುಡ್ಡ ಒಂದೇ ಮಾತು ಹೇಳುತ್ತದೆ: “ನಾನು ಇಲ್ಲೇ ಐದೀನಿ.” ಇದ್ದೇನೆ ಎನ್ನುವುದಕ್ಕೆ ನಮ್ಮ ಕಡೆಯ ಮಾತು ಅದು. ಪತ್ರಿಕೆಯಲ್ಲಿ ಯಾರೋ ಅದನ್ನು ಕೈತಪ್ಪೆಂದು ತಿಳಿದು ತಿದ್ದಿಬಿಟ್ಟರು. ಅಚ್ಚಾಗಿ ಬಂದಾಗ ಗುಡ್ಡ “ನಾನು ಇಲ್ಲೇ ಓದೀನಿ” ಎಂದಿತ್ತು.

“ಯಾವ ಸ್ಕೂಲಲ್ಲಿ ಓದೈತಂತೆ ರತ್ನಕ್ಕ, ನಿಮ್ಮ ಗುಡ್ಡ?” ಎಂದು ಜೊತೆಯ ಆಪರೇಟರು ಕಾಡಿದನಂತೆ.

“ನಿನ್ ಜೊತೇಲೇ ಕಣಪ್ಪ. ಅದು ಪಾಸಾತು.”

ಹಾಗೆ ನಗಿಸಿದರೂ ಅವರಿಗೆ ನೋವಾಗಿತ್ತು. ಪತ್ರಿಕೆ ತಿಂಗಳಾದ ಮೇಲೆ ರದ್ದಿಗೆ ಹೋಗುತ್ತದೆ, ತಪ್ಪು ತಿದ್ದಿ ಮತ್ತೆ ಅಚ್ಚು ಮಾಡುವವರಾರು? ಆದ್ದರಿಂದ ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ಜಿಲ್ಲೆಯವರ ಅದ್ಭುತ ಕಥೆಗಳನ್ನೆಲ್ಲ ಒಂದು ಪುಸ್ತಕಕ್ಕೆ ಸೇರಿಸಲು ಹೊರಟಾಗ ರತ್ನಮ್ಮ ಮೊದಲು ಕಳಿಸಿದ್ದು ಆ ಗುಡ್ಡವನ್ನೇ. ಆ ಪುಸ್ತಕದ ಕರಡು ತಿದ್ದುತ್ತಿದ್ದ ನನಗೆ ಹೇಳಿದ್ದರು: “ಒಂದ್ ಕತೆ ಬೈಂಡಿನೊಳಗೆ ಕುಂತ್ರೆ ಸಾಕಮ್ಮ. ಆಮ್ಯಾಕೆ ಬರೀದಿದ್ರೂ ನಡಿತೈತೆ.”

ರಜೆಯ ದಿನ ಬಸ್ಸು ಹತ್ತಿ ಅವರು ಕರಡು ನೋಡಲು ಮೇಷ್ಟ್ರ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಮೇಷ್ಟ್ರು ಕರಡಿನ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದರು: “ಒಂದ್ಸಲ ನಗೆಪಾಟಲಾಗಿದ್ದು ಸಾಕಲ್ವೇನಮ್ಮ? ಮಂಗಳೂರಿನೋರಿಗೆ ಐದೀನಿ ಅಂದ್ರೆ ಏನ್ ತಿಳೀತೈತೆ? ‘ಇದ್ದೇನೆ’ ಅಂತ ಹಾಕಾಣ.”

ರತ್ನಮ್ಮ ಕರಡನ್ನು ತಮ್ಮ ಕಡೆಗೆ ಎಳೆದುಕೊಂಡರು. “ಲೈನ್ ಕೆಟ್ಟಾಗ ಜನ ಏನ್ ಕೂಗ್ತಾರೆ ಗೊತ್ತಾ ಸರ್? ಆ ಕಡೇದು ಏನೂ ಕೇಳ್ಸಲ್ಲ, ಆದ್ರೂ ಫೋನ್ ಇಡಲ್ಲ. ಐದೀನಿ, ಐದೀನಿ, ಹೇಳಪ್ಪ ಅಂತಾರೆ. ನಮ್ಮಪ್ಪ ದಾವಣಗೆರೆ ಆಸ್ಪತ್ರೆಯಿಂದ ಮಾಡಿದ್ ಕೊನೇ ಫೋನು ನಾನೇ ಎತ್ತಿದ್ದು. ನಂಗೆ ಕೇಳಿಸಿದ್ದು ಅದೊಂದೇ ಮಾತು.”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ನಂದೂ ಒಂದ್ ಕಟ್ಟುಪಾಡು ಐತಮ್ಮ. ಎಲ್ಲಾ ಕತೇಲೂ ಒಂದೇ ಭಾಷೆ ಇರಬೇಕು. ನಿಮಗೊಬ್ಬರಿಗೆ ಬಿಟ್ರೆ ಉಳಿದೋರು ಕೇಳ್ತಾರೆ.”

“ಹಂಗಾರೆ ಕತೆ ವಾಪಸ್ ಕೊಡ್ರಿ ಸರ್.”

“ಟೀ ಆದ್ರೂ ಕುಡ್ಕಂಡು ಹೋಗ್ರಿ” ಎಂದರು ಮೇಷ್ಟ್ರು. ರತ್ನಮ್ಮ ಕುಡಿದರು, ಟೀ ಚೆನ್ನಾಗಿದೆಯೆಂದು ಒಳಗೆ ಹೋಗಿ ಮೇಷ್ಟ್ರ ಹೆಂಡತಿಗೆ ಹೇಳಿಯೂ ಬಂದರು.

ಗುಡ್ಡ ಮಾತಾಡಿತೆಂದರೆ ಸುಳ್ಳೆಂದು ಎಲ್ಲರಿಗೂ ಗೊತ್ತು. ಅಂಥ ಸುಳ್ಳನ್ನು ಬರೆಯುವವರಿಗೆ ತಮ್ಮ ಕಿವಿಯಾರೆ ಕೇಳಿದ ಒಂದು ಮಾತಾದರೂ ಬೇಕು, ಕಾಲೂರಿ ನಿಲ್ಲಲು. ಅದನ್ನು ಬಿಟ್ಟುಕೊಟ್ಟು ಪುಸ್ತಕದೊಳಗೆ ಹೋಗಲು ರತ್ನಮ್ಮ ಒಪ್ಪಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಒಪ್ಪುತ್ತಿದ್ದೆನೇನೋ. ಸಂಕಲನ ಅವರ ಕಥೆಯಿಲ್ಲದೆಯೇ ಹೊರಬಂತು. ಉಳಿದ ಕಥೆಗಳು ಚೆನ್ನಾಗಿಯೇ ಇದ್ದವು.

ಕಥೆ ವಾಪಸ್ ಪಡೆದ ಆ ದಿನ ಬಸ್ ನಿಲ್ದಾಣದವರೆಗೆ ಅವರ ಜೊತೆ ನಡೆದೆ. ಹೊಳಲ್ಕೆರೆಯ ಬಸ್ಸು ಆಗಲೇ ಹೊರಡುತ್ತಿತ್ತು. ಇಂಥ ಪುಸ್ತಕ ಇನ್ನೊಂದು ಬರುವುದು ಯಾವಾಗಲೋ, ಬರುತ್ತದೋ ಇಲ್ಲವೋ ಎಂದೆ. ರತ್ನಮ್ಮ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ತಿರುಗಿದರು.

“ಗುಡ್ಡಕ್ಕೇನು ಅರ್ಜೆಂಟ್ ಐತೇಳಮ್ಮ?”